ಆ ಗಿಡವನ್ನು ಕಣ್ಣಾರೆ ಕಂಡವರು

ಜುಲೈ ಮಳೆಯಲ್ಲಿ ಖಾನಾಪುರ ತಾಲ್ಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ದೇವಾಲಯದ ಫೋಟೊ ತೆಗೆಯುತ್ತಾರೆ. ಮರಳುವ ದಾರಿಯಲ್ಲಿ ದುಂಡನೆಯ ಹೂ ಬಿಟ್ಟ ಮರ ಕಂಡರೆ ಅದರದೂ ಒಂದು ಫೋಟೊ ಆಗುತ್ತದೆ. ಹಲಸಿ ಎಂದರೆ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ. ಕದಂಬರ ಊರಿನಲ್ಲಿ ಕಂಡ ದುಂಡು ಹೂವಿನ ಮರ ಕದಂಬವಲ್ಲದೆ ಇನ್ನೇನಾದೀತು ಎಂಬ ಧೈರ್ಯದಲ್ಲಿ ಚಿತ್ರ ಸಂಜೆಯೊಳಗೆ ಗಿಡ ಗುರುತಿಸುವವರ ಬಳಗಕ್ಕೆ ಹೋಗುತ್ತದೆ. “ಇದು ಕದಂಬ ಹೌದಲ್ರೀ?” ಎಂಬ ಪ್ರಶ್ನೆಗೆ ಐದಾರು ಮಂದಿ ಹೌದೆನ್ನುತ್ತಾರೆ. ಆಮೇಲೆ ಯಾರೋ ಒಬ್ಬರು, “ಹೂವಿನ ಬಾಜೂಕ ಒಂದ್ ರೂಪಾಯಿ ಇಟ್ಟು ಫೋಟೊ ಹಾಕ್ರಿ. ಎಲಿ ಪೂರಾ ಕಾಣ್ಲಿ, ಟೊಂಗಿ ಗೆಣ್ಣೂ ಕಾಣ್ಲಿ” ಎಂದು ಬರೆಯುತ್ತಾರೆ. ಇಂಥ ಬಳಗಗಳಿಗೆ ಬೆಲೆ ಬರುವುದು ಈ ಕೊನೆಯವರಿಂದ.

ರೂಪಾಯಿ ಕೇಳಿದ್ದು ಅಳತೆಗಾಗಿ. ನಿಜವಾದ ಕದಂಬ, ಸಸ್ಯಶಾಸ್ತ್ರದ ನಿಯೊಲಮಾರ್ಕಿಯಾ ಕದಂಬ, ಬಿಡುವ ಹೂಚೆಂಡು ನಾಲ್ಕೈದು ಸೆಂಟಿಮೀಟರ್ ದಪ್ಪ. ಕಿತ್ತಳೆ ಬಣ್ಣದ ಚೆಂಡಿನ ಮೈತುಂಬ ಬಿಳಿಯ ಶಲಾಕೆಗಳು ಎದ್ದು ನಿಂತಿರುತ್ತವೆ, ಎಲೆ ಅಂಗೈಗಿಂತ ದೊಡ್ಡದು. ಅದರ ದಾಯಾದಿ ಮಿಟ್ರಗೈನಾ ಪಾರ್ವಿಫೋಲಿಯಾದ ಚೆಂಡು ನಾಣ್ಯಕ್ಕಿಂತ ತುಸು ದೊಡ್ಡದು, ಬಣ್ಣ ಕೆನೆಯದು. ಎಳೆ ಟೊಂಗೆಯ ಗೆಣ್ಣಿನಲ್ಲಿ, ಎರಡು ಎಲೆಗಳ ನಡುವೆ, ನಾಲಗೆಯಂಥ ಅಗಲವಾದ ಪೊರೆ ಇರುತ್ತದೆ. ಮೂರನೆಯದು ಹೆದ್ದಿ, ಅಂದರೆ ಹಾಲ್ಡಿನಾ ಕಾರ್ಡಿಫೋಲಿಯಾ: ಹೂಚೆಂಡು ಹಳದಿ, ಎಲೆ ಹೃದಯದ ಆಕಾರದ್ದು. ಮೂರೂ ಕಾಫಿಯ ಕುಟುಂಬಕ್ಕೆ ಸೇರಿದವು, ಮೂರೂ ಮಳೆಗಾಲದ ಆಸುಪಾಸಿನಲ್ಲಿ ಹೂ ಬಿಡುವವು. ಬರೀ ಹೂವನ್ನು ಹತ್ತಿರದಿಂದ ತೆಗೆದ ಸುಂದರ ಚಿತ್ರದಲ್ಲಿ ಇವುಗಳಲ್ಲಿ ಯಾವುದು ಯಾವುದಾಗಿಯೂ ಕಂಡೀತು.

ಹೀಗೆ ಹವ್ಯಾಸಿಗಳೂ ಬಲ್ಲವರೂ ಒಂದೇ ಜಗಲಿಯಲ್ಲಿ ಕೂತು ಗಿಡದ ಹೆಸರು ಹುಡುಕುವ ಕೆಲಸ ಭಾರತದಲ್ಲಿ ಅಂತರ್ಜಾಲಕ್ಕೆ ಬಂದದ್ದು 2007–08ರ ಸುಮಾರಿಗೆ. ಈಗ ‘ಇಫ್ಲೋರಾ ಆಫ್ ಇಂಡಿಯಾ’ ಎಂದು ಹೆಸರಾದ ಬಳಗ 2007ರಲ್ಲಿ, ಮರಗಳ ಚಿತ್ರ ಹಂಚಿಕೊಳ್ಳುವ ಸಣ್ಣ ಗುಂಪಾಗಿ, ಜೆ.ಎಂ. ಗರ್ಗ್ ಅವರಿಂದ ಶುರುವಾಯಿತು. ಮರುವರ್ಷ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಬಂತು. ಅದೇ 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಸ್ನಾತಕೋತ್ತರ ಪದವಿಯ ಪ್ರಾಜೆಕ್ಟಾಗಿ ಐನ್ಯಾಚುರಲಿಸ್ಟ್ ಕಟ್ಟಿದರು. ಇವತ್ತು ಬೆಳಗಾವಿಯ ಕಾಲೇಜು ಹುಡುಗರ ಮೊಬೈಲಿನಲ್ಲಿ ಹೆಚ್ಚಾಗಿ ಇರುವುದು ಈ ಮೂರನೆಯದೇ ಇರಬೇಕು.

ಐನ್ಯಾಚುರಲಿಸ್ಟಿನ ನಿಯಮ ಸರಳ. ಚಿತ್ರ, ದಿನಾಂಕ, ಸ್ಥಳ ಇರಬೇಕು. ಕನಿಷ್ಠ ಇಬ್ಬರು ಹೆಸರು ಸೂಚಿಸಿರಬೇಕು, ಸೂಚಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿರಬೇಕು. ಆಗ ಆ ದಾಖಲೆಗೆ ‘ರಿಸರ್ಚ್ ಗ್ರೇಡ್’ ಎಂಬ ಮುದ್ರೆ ಬೀಳುತ್ತದೆ. ಚಿತ್ರ ಹಾಕಿದವರ ಪರವಾನಗಿ ಇದ್ದರೆ ಅಲ್ಲಿಂದ ಅದು ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲವಾದ ಜಿಬಿಐಎಫ್‌ಗೆ ಹೋಗಿ, ಯಾವ ದೇಶದ ಸಂಶೋಧಕರ ಕೈಗೂ ಸಿಗುತ್ತದೆ. ಇಲ್ಲಿ ಪ್ರಾಧ್ಯಾಪಕರ ಮತಕ್ಕೂ ಬಿ.ಎಸ್‌ಸಿ. ವಿದ್ಯಾರ್ಥಿಯ ಮತಕ್ಕೂ ತೂಕ ಒಂದೇ. ಇದು ಪ್ರಜಾಪ್ರಭುತ್ವ ಎಂದು ಹಿಗ್ಗುವವರಿದ್ದಾರೆ, ಸಸ್ಯಶಾಸ್ತ್ರ ಹಾಳಾಯಿತು ಎಂದು ತಲೆ ಚಚ್ಚಿಕೊಳ್ಳುವವರೂ ಇದ್ದಾರೆ. ಇಬ್ಬರೂ ಒಂದು ಪ್ರಶ್ನೆಯನ್ನು ದಾಟಿ ಹೋಗುತ್ತಾರೆ: ‘ಒಪ್ಪಿದೆ’ ಎಂದು ಗುಂಡಿ ಒತ್ತಿದವರು ಏನನ್ನು ನೋಡಿ ಒತ್ತಿದರು?

ಈ ಪ್ರಶ್ನೆಗೆ ಬೆಳಗಾವಿಯ ಮಟ್ಟಿಗೆ ನೂರು ವರ್ಷಕ್ಕೂ ಹಳೆಯ ಉತ್ತರವೊಂದು ಅಚ್ಚಾಗಿ ಉಳಿದಿದೆ. ಥಿಯೊಡೋರ್ ಕುಕ್ ಅವರ ‘ಫ್ಲೋರಾ ಆಫ್ ದಿ ಪ್ರೆಸಿಡೆನ್ಸಿ ಆಫ್ ಬಾಂಬೆ’ 1901ರಿಂದ 1908ರವರೆಗೆ ಕಂತುಗಳಲ್ಲಿ ಹೊರಬಂತು. ಬೆಳಗಾವಿ ಆಗ ಮುಂಬಯಿ ಪ್ರಾಂತದ ದಕ್ಷಿಣ ಮರಾಠಾ ಪ್ರದೇಶಕ್ಕೆ ಸೇರಿತ್ತು. ಆ ಪುಸ್ತಕದಲ್ಲಿ ಪ್ರತಿ ಗಿಡದ ವರ್ಣನೆ ಮುಗಿದ ಮೇಲೆ ಅದು ಎಲ್ಲಿ ಸಿಕ್ಕಿತು, ಯಾರು ತಂದರು ಎಂಬ ವಿವರ ಬರುತ್ತದೆ. ಬೆಳಗಾವಿಯ ಹೆಸರಿನ ಪಕ್ಕದಲ್ಲಿ ರಿಚಿ ಎಂಬ ಸಂಗ್ರಾಹಕರ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಬೇರೆ ಕಡೆಗಳಲ್ಲಿ ಲಾ, ಸ್ಟಾಕ್ಸ್, ವುಡ್ರೋ. ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಸಸ್ಯಶಾಸ್ತ್ರದ ರೂಢಿಯಲ್ಲಿ ಆ ಚಿಹ್ನೆಗೆ ಆಶ್ಚರ್ಯದ ಅರ್ಥವಿಲ್ಲ. ಈ ಒಣಗಿಸಿದ ಮಾದರಿಯನ್ನು ಗ್ರಂಥಕರ್ತನೇ ಕಣ್ಣಾರೆ ಕಂಡಿದ್ದಾನೆ ಎಂದಷ್ಟೇ ಅದು ಹೇಳುತ್ತದೆ. ಚಿಹ್ನೆ ಇಲ್ಲದಿದ್ದರೆ ಬೇರೆಯವರ ಮಾತನ್ನು ನಂಬಿ ಬರೆದದ್ದು ಎಂದು ಓದುಗ ತಿಳಿದುಕೊಳ್ಳಬೇಕು.

ಕುಕ್ ಹುಟ್ಟು ಸಸ್ಯಶಾಸ್ತ್ರಜ್ಞರೇನೂ ಆಗಿರಲಿಲ್ಲ. ಅವರು ಐರ್ಲೆಂಡಿನ ಎಂಜಿನಿಯರ್. ಮುಂಬಯಿ–ಬರೋಡಾ ರೈಲ್ವೆಗೆ ವಸಯಿಯಲ್ಲಿ ಕಬ್ಬಿಣದ ಸೇತುವೆ ಕಟ್ಟಿ, ಆಮೇಲೆ ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರಾಗಿ, ನಿವೃತ್ತಿಯ ನಂತರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೂತು ಆ ಗ್ರಂಥ ಬರೆದರು. ಅವರಿಗಿಂತ ಹಿಂದಿನವರ ಕತೆಯೂ ಅಷ್ಟೇ. ಮುಂಬಯಿಯ ಸಸ್ಯಗಳ ಮೊದಲ ಪಟ್ಟಿಯನ್ನು 1839ರಲ್ಲಿ ಹೊರತಂದ ಜಾನ್ ಗ್ರಹಾಂ ಅಂಚೆ ಇಲಾಖೆಯ ಡೆಪ್ಯುಟಿ ಪೋಸ್ಟ್ ಮಾಸ್ಟರ್ ಜನರಲ್. 1861ರ ‘ಬಾಂಬೆ ಫ್ಲೋರಾ’ ಬರೆದ ಇಬ್ಬರಲ್ಲಿ ಡಾಲ್ಝೆಲ್ ಸುಂಕದ ಇಲಾಖೆಯಲ್ಲಿ ದುಡಿದವರು, ಗಿಬ್ಸನ್ ಸರ್ಜನ್ ಆಗಿದ್ದು ಅರಣ್ಯಾಧಿಕಾರಿಯಾದವರು. ಲಾ ಸಿವಿಲ್ ಸೇವೆಯ ಅಧಿಕಾರಿ. ಹೊಟ್ಟೆಪಾಡಿಗೆ ಬೇರೆ ನೌಕರಿ, ರಜೆಯ ದಿನ ಗಿಡದ ಹುಚ್ಚು. ಹಾಳೆಗೆ ಅಂಟಿಸಿದ ಗಿಡ ಹಡಗಿನಲ್ಲಿ ಕ್ಯೂಗೆ ಹೋಗಿ, ಅಲ್ಲಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಈಗ ಚಹಾ ಆರುವುದರೊಳಗೆ ಉತ್ತರ ಬರುತ್ತದೆ ಎಂಬುದನ್ನು ಬಿಟ್ಟರೆ ಹವ್ಯಾಸಿ ಮತ್ತು ಪಂಡಿತರ ಕೂಡುವಳಿಯಲ್ಲಿ ಹೊಸದೇನಿಲ್ಲ.

ಗ್ರಹಾಂ ಅವರ ಪಟ್ಟಿಯಿಂದ ಒಂದು ಗಿಡವನ್ನು ಎತ್ತಿಕೊಂಡರೆ ಈ ಕೂಡುವಳಿ ಎಷ್ಟು ನಿಧಾನವಾಗಿ, ಎಷ್ಟು ತಾಳ್ಮೆಯಿಂದ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಆಂಬೋಲಿಯಿಂದ ಖಾನಾಪುರ, ಜೋಯ್ಡಾವರೆಗಿನ ಘಟ್ಟದ ಕಾಡಿನಲ್ಲಿ ಬೆಳೆಯುವ ಸಣ್ಣ ಮರ ಅದು. ಮರಾಠಿ ಆಡುವವರು ನರಕ್ಯಾ ಎನ್ನುತ್ತಾರೆ. ಹೂವನ್ನು ಮೂಸಿದವರು ಕಾರಣ ಕೇಳುವುದಿಲ್ಲ. ಗ್ರಹಾಂ ಇದನ್ನು ಪ್ರೆಮ್ನಾ ಎಂಬ ಕುಲಕ್ಕೆ ಸೇರಿಸಿ, ಗೆಳೆಯ ಜೋಸೆಫ್ ನಿಮ್ಮೋ ಅವರ ಗೌರವಾರ್ಥ ಪ್ರೆಮ್ನಾ ನಿಮ್ಮೋನಿಯಾನಾ ಎಂದು ಹೆಸರಿಟ್ಟರು. ಪುಸ್ತಕ ಮುಗಿಯುವ ಮುನ್ನವೇ ಗ್ರಹಾಂ ಖಂಡಾಲಾದಲ್ಲಿ ತೀರಿಕೊಂಡರು, ಉಳಿದ ಭಾಗ ಪೂರೈಸಿದವರು ಅದೇ ನಿಮ್ಮೋ. ಕುಲ ಮಾತ್ರ ತಪ್ಪಾಗಿತ್ತು. ಮುಂದೆ ಬೇರೆಯವರು ಇದೇ ಮರವನ್ನು ಮಾಪ್ಪಿಯಾ ಎಂದರು. ಇಪ್ಪತ್ತನೆಯ ಶತಮಾನದಲ್ಲಿ ಮ್ಯಾಬರ್ಲಿ ಎಂಬ ಸಸ್ಯಶಾಸ್ತ್ರಜ್ಞರು ಹಳೆಯ ಹೆಸರಿನ ಎರಡನೆಯ ಪದವನ್ನು ಉಳಿಸಿಕೊಂಡು ಇದನ್ನು ನೊಥಾಪೊಡೈಟಿಸ್ ನಿಮ್ಮೋನಿಯಾನಾ ಮಾಡಿದರು. ತಪ್ಪಿದ್ದವರ ಹೆಸರು ಆ ಮರದ ಹೆಸರಿನ ಹಿಂದೆ ಇವತ್ತಿಗೂ ಆವರಣದೊಳಗೆ ಇದೆ. ಸಸ್ಯಶಾಸ್ತ್ರ ತಪ್ಪನ್ನು ಅಳಿಸಿ ಹಾಕುವುದಿಲ್ಲ. ಯಾರ ಮಾತನ್ನು ಯಾರು ತಿದ್ದಿದರು ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಅಂತರ್ಜಾಲದ ಬಳಗಗಳಲ್ಲಿ ಮೊದಲ ಉತ್ತರ ತಪ್ಪಾಯಿತೆಂದು ನಾಚಿ ಅದನ್ನು ಅಳಿಸಿಬಿಡುವವರು ಬಹಳ. ಅಳಿಸಬಾರದು. ಯಾಕೆ ತಪ್ಪಿತು ಎಂಬ ಎರಡು ಸಾಲೇ ಮುಂದಿನವರಿಗೆ ಪಾಠ.

ಈ ನಾರುವ ಮರಕ್ಕೆ ಬೆಲೆ ಬಂದದ್ದು ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕದಿಂದ. 1966ರಲ್ಲಿ ಅದು ಮೊದಲು ಸಿಕ್ಕಿದ್ದು ಚೀನಾ ಮೂಲದ ಬೇರೊಂದು ಮರದಲ್ಲಿ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ನಮ್ಮ ಘಟ್ಟದ ಮರದಲ್ಲೂ ಅದು ಇದೆಯೆಂದು ತೋರಿಸಿದರು. ಕ್ಯಾನ್ಸರ್ ಚಿಕಿತ್ಸೆಯ ಟೊಪೊಟೆಕಾನ್, ಇರಿನೊಟೆಕಾನ್ ಔಷಧಿಗಳು ಈ ರಾಸಾಯನಿಕದ ಮಕ್ಕಳು. ಬೇಡಿಕೆ ಏರಿದಂತೆ ಘಟ್ಟದ ಕಾಡಿನಲ್ಲಿ ಮರಗಳು ಬೇರುಸಹಿತ ಹೋದವು. ಇಂಥ ಗಿಡದ ಗುರುತು ಹೇಳುವಾಗ ಎರಡು ತೊಡಕುಗಳು ಒಟ್ಟಿಗೆ ಬರುತ್ತವೆ. ವಾಸನೆಯೇ ಅದರ ದೊಡ್ಡ ಗುರುತು, ಅದು ಫೋಟೊದಲ್ಲಿ ಬರುವುದಿಲ್ಲ. ಎಲೆ ಉಜ್ಜಿ ಮೂಸಿದವರು ಅದನ್ನು ಮಾತಿನಲ್ಲಿ ಬರೆಯಬೇಕು. ಬರೆದು, ಜಾಗದ ಗುರುತನ್ನೂ ಕರಾರುವಾಕ್ಕಾಗಿ ಹಾಕಿಬಿಟ್ಟರೆ ಕೊಡಲಿ ಹಿಡಿದವರಿಗೂ ಅದೇ ದಾರಿ ತೋರುತ್ತದೆ.

ಎರಡನೆಯ ತೊಡಕಿಗೆ ಐನ್ಯಾಚುರಲಿಸ್ಟ್ ಒಂದು ಉಪಾಯ ಮಾಡಿದೆ. ಅಪಾಯದಲ್ಲಿರುವ ಪ್ರಭೇದದ ಜಾಗವನ್ನು ಅದು ಅಕ್ಷಾಂಶ, ರೇಖಾಂಶಗಳಲ್ಲಿ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕಿಯಿಟ್ಟು ಮಸುಕು ಮಾಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಆ ಚೌಕದ ಒಂದೊಂದು ಬದಿ 20 ಕಿಲೋಮೀಟರಿಗೂ ಹೆಚ್ಚು. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ವಿಸ್ತೀರ್ಣ 190 ಚದರ ಕಿಲೋಮೀಟರ್. ಎರಡು ಭೀಮಗಡಗಳು ಆ ಚೌಕದೊಳಗೆ ಆರಾಮಾಗಿ ಕೂರುತ್ತವೆ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ “ಆಮಗಾಂವ ದಾಟಿ ಎರಡನೇ ತಿರುವಿನ ಹಳ್ಳದ ದಂಡಿಗೆ” ಎಂದು ಬರೆದವರನ್ನು ಯಾವ ಚೌಕವೂ ಕಾಪಾಡದು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾಡಿಗೇ ಹೋಗಬೇಕಿಲ್ಲ. ಬೆಳಗಾವಿಯ ಎಷ್ಟೋ ಬಂಗಲೆ, ಶಾಲೆ, ಕಲ್ಯಾಣ ಮಂಟಪಗಳ ಕಂಪೌಂಡಿನ ಗುಂಟ ಕಂಬದ ಹಾಗೆ ನೆಟ್ಟಗೆ ನಿಂತ ಮರಗಳನ್ನು ಜನ ಅಶೋಕ ಎಂದೇ ಕರೆಯುತ್ತಾರೆ. ಅದು ಸೀತಾಫಲದ ಕುಟುಂಬದ್ದು. ಅಶೋಕಾರಿಷ್ಟಕ್ಕೆ ಬೇಕಾದ ಅಶೋಕ, ಸರಾಕಾ ಅಸೋಕಾ, ದ್ವಿದಳ ಧಾನ್ಯಗಳ ಕುಟುಂಬದ್ದು: ಜೋಡಿ ಜೋಡಿ ಎಲೆಗಳು, ತಾಮ್ರದ ಬಣ್ಣದಲ್ಲಿ ಜೋತುಬೀಳುವ ಚಿಗುರು, ಕೊಂಬೆಗೇ ಅಂಟಿಕೊಂಡು ಅರಳುವ ಕಿತ್ತಳೆ–ಕೆಂಪು ಹೂಗೊಂಚಲು. ಮರ ನಿಂತಿರುವಾಗ ಇವೆರಡನ್ನು ಬೆರೆಸಿಕೊಳ್ಳುವುದೇ ಕಷ್ಟ. ತೊಗಟೆ ಕಿತ್ತು ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಬೆರಕೆ ಪತ್ತೆ ಹಚ್ಚುವುದು ಕಷ್ಟ, ಮತ್ತು ಬೆರಕೆ ನಡೆಯುತ್ತದೆ. ನೆಹರೂ ನಗರದಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅಲ್ಲಿ ಹರ್ಬೇರಿಯಂ ಇದೆ: ಒಣಗಿಸಿ, ಅಂಟಿಸಿ, ಸಂಖ್ಯೆ ಕೊಟ್ಟು ಇಟ್ಟ ಗಿಡಗಳ ಭಂಡಾರ. ಔಷಧಿ ಗಿಡದ ಮೇಲೆ ಪ್ರಬಂಧ ಬರೆಯುವವರು ಆ ಸಂಖ್ಯೆಯನ್ನು ಉಲ್ಲೇಖಿಸುತ್ತಾರೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಹೋಗಿ ಹಾಳೆ ತೆಗೆದು ನೋಡಬಹುದು. ಅಂತರ್ಜಾಲದ ಚಿತ್ರ ಎಷ್ಟೇ ಚೆಂದವಿರಲಿ, ಹೂ ಬಿಡಿಸಿ ನೋಡಲು ಬರುವುದಿಲ್ಲ.

ಬಿಡಿಸಿಯೇ ನೋಡಬೇಕಾದ ಹೂಗಳಿಗೆ ನಮ್ಮ ಘಟ್ಟದಲ್ಲಿ ಕೊರತೆಯಿಲ್ಲ. ಸೆರೊಪೀಜಿಯಾ ಎಂಬ ಬಳ್ಳಿಗಳನ್ನೇ ನೋಡಿ. ಪುಟ್ಟ ಲಾಂದ್ರದಂಥ ಹೂ, ಬುಡದಲ್ಲಿ ಉಬ್ಬು, ನಡುವೆ ಕೊಳವೆ, ನೆತ್ತಿಯಲ್ಲಿ ಕೂಡಿಕೊಂಡ ಎಸಳುಗಳು. ಕೆಲವು ಪ್ರಭೇದಗಳನ್ನು ಬೇರ್ಪಡಿಸಲು ಆ ಉಬ್ಬನ್ನು ಸೀಳಿ ಒಳಗಿನ ಕಿರೀಟದ ಹಾಲೆಗಳನ್ನು ನೋಡಬೇಕು. ಅವು ಒಂದೆರಡು ಮಿಲಿಮೀಟರ್ ಇರುತ್ತವೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಅವರು ದಶಕಗಳ ಕಾಲ ಇದೇ ಬಳ್ಳಿಗಳ ಹಿಂದೆ ಬಿದ್ದವರು. ಅಲ್ಲಿನ ಸಸ್ಯೋದ್ಯಾನದಲ್ಲಿ ಅವನ್ನು ಬೆಳೆಸಿ ಉಳಿಸುವ ಕೆಲಸವೂ ನಡೆದಿದೆ. ಸೆರೊಪೀಜಿಯಾ ಫೆಂಟಾಸ್ಟಿಕಾ ಎಂಬ ಅಪರೂಪದ್ದನ್ನು ಉತ್ತರ ಕನ್ನಡದ ಕಾಡಿನಿಂದ ತಂದವರು ಅರಣ್ಯಾಧಿಕಾರಿ ಟಿ.ಆರ್. ಬೆಲ್, ಹೆಸರಿಟ್ಟವರು ಐಸಿಎಸ್ ಅಧಿಕಾರಿ ಸೆಡ್ಜ್‌ವಿಕ್. ಇಲ್ಲಿಯೂ ಸರಕಾರಿ ನೌಕರರೇ.

ಸೆಪ್ಟೆಂಬರಿನಲ್ಲಿ ಜಾಂಬೋಟಿಯಿಂದ ಕಣಕುಂಬಿ, ಚೋರ್ಲಾ ಕಡೆ ಹೋದರೆ ಕೆಂಪು ಜಂಬಿಟ್ಟಿಗೆಯ ಹಾಸುಬಯಲು ಬಿಳಿ, ನೇರಳೆ ಚುಕ್ಕೆಗಳಿಂದ ತುಂಬಿರುತ್ತದೆ. ಬಿಳಿಯ ಗುಂಡಿಗಳು ಎರಿಯೊಕಾಲಾನ್, ನೇರಳೆಯವು ಯೂಟ್ರಿಕ್ಯುಲೇರಿಯಾ, ನಡುನಡುವೆ ಹುಳು ಹಿಡಿಯುವ ಬೆರಳುದ್ದದ ಡ್ರೋಸೆರಾ. ಎರಿಯೊಕಾಲಾನಿನ ಪ್ರಭೇದ ಹೇಳಬೇಕಾದರೆ ಬೀಜದ ಮೈಮೇಲಿನ ಗೆರೆಗಳನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಆದರೂ ಮೊಬೈಲಿನ ತಂತ್ರಾಂಶ ಒಂದು ಹೆಸರು ಸೂಚಿಸುತ್ತದೆ, ಚಿತ್ರ ಹಾಕಿದವರು ಅದನ್ನೇ ಒತ್ತುತ್ತಾರೆ, ಸ್ನೇಹಿತರೊಬ್ಬರು ಪ್ರೀತಿಯಿಂದ ‘ಒಪ್ಪಿದೆ’ ಎನ್ನುತ್ತಾರೆ. ಇಬ್ಬರಾದರು, ಮುದ್ರೆ ಬಿತ್ತು! ಆ ಮುದ್ರೆ ಬಿದ್ದ ಚಿತ್ರಗಳಿಂದಲೂ ತಂತ್ರಾಂಶ ಮುಂದಿನ ಪಾಠ ಕಲಿಯುತ್ತದೆ. ತಾನೇ ಹೇಳಿಕೊಟ್ಟ ಉತ್ತರವನ್ನು ಮಕ್ಕಳ ಪತ್ರಿಕೆಯಲ್ಲಿ ಓದಿ ತಾನೇ ಮೆಚ್ಚಿದ ಮಾಸ್ತರರ ಕತೆಯಾಯಿತು ಇದು. ಖುದ್ದಾಗಿ ಗುರುತು ಹಿಡಿಯಬಲ್ಲವರಷ್ಟೇ ಒಪ್ಪಬೇಕು ಎಂದು ಐನ್ಯಾಚುರಲಿಸ್ಟೇ ಕೇಳಿಕೊಂಡಿದೆ. ಕುಲದ ಮಟ್ಟಕ್ಕೆ ನಿಲ್ಲಿಸಿ “ಎರಿಯೊಕಾಲಾನ್, ಇಷ್ಟು ಸಾಕು” ಎನ್ನುವ ಹವ್ಯಾಸಿ ಬೀಜ ನೋಡದೆ ಪ್ರಭೇದ ಹೇಳುವ ಪಂಡಿತನಿಗಿಂತ ಮೇಲು ಎಂದರೆ ತಪ್ಪಿಲ್ಲ.

ಡ್ರೋಸೆರಾ ಎಂದಾಗ ಬ್ರೆಜಿಲಿನದೊಂದು ಸಂಗತಿ. 2012ರಲ್ಲಿ ಅಲ್ಲಿನ ಹವ್ಯಾಸಿಯೊಬ್ಬರು ಮೀನಸ್ ಜೆರೈಸ್ ರಾಜ್ಯದ ಬೆಟ್ಟವೊಂದರಲ್ಲಿ ತೆಗೆದ ಗಿಡದ ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಿದರು. ಅದು ಹೊಸ ಪ್ರಭೇದವಿರಬೇಕು ಎಂದು ತಜ್ಞರಿಗೆ ಅನ್ನಿಸಿತು. ಬೆಟ್ಟ ಹತ್ತಿ, ಮಾದರಿ ತಂದು, 2015ರಲ್ಲಿ ಡ್ರೋಸೆರಾ ಮ್ಯಾಗ್ನಿಫಿಕಾ ಎಂದು ಪ್ರಕಟಿಸಿದರು. ಮನುಷ್ಯನ ಎದೆಮಟ್ಟ ಬೆಳೆಯುವ ಗಿಡ ಅದು! ಹತ್ತಿರದ ಉದಾಹರಣೆ ಪುಣೆಯ ಬಳಿಯ ತಳೇಗಾಂವ್‌ದು. ವರ್ಷಕ್ಕೆರಡು ಸಲ, ಮಳೆಗಾಲ ಕಳೆದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದ ಮೇಲೆ ಇನ್ನೊಮ್ಮೆ, ಹೂ ಬಿಡುವ ಡಿಕ್ಲಿಪ್ಟೆರಾ ಪಾಲಿಮಾರ್ಫಾ 2024ರಲ್ಲಿ ಹೊಸ ಪ್ರಭೇದವೆಂದು ಪ್ರಕಟವಾಯಿತು. ಮೊದಲು ಕಂಡವರು ನಿಸರ್ಗಾಸಕ್ತರಾದ ಆದಿತ್ಯ ಧಾರಪ್; ಅವರ ಜತೆ ಕೆಲಸ ಮಾಡಿದವರು ಅಘರ್ಕರ್ ಸಂಶೋಧನಾ ಸಂಸ್ಥೆಯ ಮಂದಾರ ದಾತಾರ್ ಮತ್ತು ಅವರ ವಿದ್ಯಾರ್ಥಿ. ಪಂಡಿತರ ಹತ್ತಿರ ಗ್ರಂಥ, ಸೂಕ್ಷ್ಮದರ್ಶಕ ಎಲ್ಲ ಇರುತ್ತವೆ. ಒಂದೇ ಗುಡ್ಡಕ್ಕೆ ಜನವರಿಯಲ್ಲೂ ಮೇ ತಿಂಗಳಲ್ಲೂ ಹೋಗುವ ಪುರಸೊತ್ತು ಇರುವುದಿಲ್ಲ. ಆ ಪುರಸೊತ್ತಿನ ಬಂಡವಾಳ ಹವ್ಯಾಸಿಯದು.

ಈ ಜಗಲಿಯಲ್ಲಿ ಇನ್ನೂ ಜಾಗ ಸಿಗದ ಒಂದು ವರ್ಗವಿದೆ. ಭೀಮಗಡದೊಳಗಿನ ಗವಾಳಿ, ತಳೇವಾಡಿ, ಕೃಷ್ಣಾಪುರ, ಆಮಗಾಂವದಂಥ ಊರುಗಳವರು, ಎಮ್ಮೆ ಮೇಯಿಸುವ ಗೌಳಿಗಳು, ಮೇ ತಿಂಗಳಲ್ಲಿ ಕವಳಿ ಹಣ್ಣಿನ ಬುಟ್ಟಿ, ಮಳೆಗಾಲದಲ್ಲಿ ಕಳಲೆ ಹೊತ್ತು ಪೇಟೆಗೆ ಬರುವ ಹೆಣ್ಣುಮಕ್ಕಳು. ಯಾವ ಎಲೆಯನ್ನು ಎಮ್ಮೆ ಮುಟ್ಟುವುದಿಲ್ಲ, ಯಾವ ಗಡ್ಡೆಯನ್ನು ಎಷ್ಟು ನೀರಿನಲ್ಲಿ ಕುದಿಸಿದರೆ ತುರಿಕೆ ಹೋಗುತ್ತದೆ ಎಂಬುದು ಅವರ ನಾಲಗೆಯ ಮೇಲಿದೆ. ನಗರದ ಗುಂಪುಗಳಲ್ಲಿ ಕಾಡುಗಡ್ಡೆಯ ಚಿತ್ರ ಹಾಕಿ “ತಿನ್ನಬಹುದೇನ್ರೀ?” ಎಂದು ಕೇಳುವುದು ಹೆಚ್ಚಾಗಿದೆ. ಇದಕ್ಕೆ ಫೋಟೊ ನೋಡಿ ಹೌದು ಎನ್ನುವುದು ಅಪಾಯ. ಗೌರಿ ಹೂವಿನ ಗಡ್ಡೆ, ಸಸ್ಯಶಾಸ್ತ್ರದ ಗ್ಲೋರಿಯೋಸಾ, ಜೀವ ತೆಗೆಯುವ ವಿಷ.

ಇಂಥ ಬಲ್ಲವರ ಹೆಸರನ್ನು ಅಚ್ಚಿನಲ್ಲಿ ಉಳಿಸಿದ ಹಳೆಯ ಉದಾಹರಣೆಯೊಂದಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಗಳ ಗ್ರಂಥ ‘ಹಾರ್ಟಸ್ ಮಲಬಾರಿಕಸ್’ನಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರದೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರದೂ ಪ್ರಮಾಣಪತ್ರಗಳಿವೆ, ಅವರವರ ಲಿಪಿಯಲ್ಲೇ. ಎರಡು ಶತಮಾನದ ನಂತರ ನಮ್ಮ ಭಾಗದಲ್ಲಿ ಗಿಡ ಕೂಡಿಟ್ಟ ಸಾಹೇಬರ ಚೀಟಿಗಳಲ್ಲಿ ದಾರಿ ತೋರಿಸಿದವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಇವತ್ತು ಚಿತ್ರದ ಕೆಳಗೆ ಹೆಸರು ಹೇಳಿದ ಕಾಕಾನನ್ನೋ ಮಾವಶಿಯನ್ನೋ, ಅವರ ಒಪ್ಪಿಗೆ ಪಡೆದು, ಒಂದು ಸಾಲಿನಲ್ಲಿ ನೆನೆಯಲು ಖರ್ಚೇನೂ ಇಲ್ಲ.

ಬೆಳಗಾವಿಯ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಪ್ರಾಯೋಗಿಕ ಪರೀಕ್ಷೆಗೆಂದು ಹರ್ಬೇರಿಯಂ ಹಾಳೆ ಮಾಡುತ್ತಾರೆ, ಅಂಕ ಬಂದ ಮೇಲೆ ಮರೆಯುತ್ತಾರೆ. ಅದೇ ಶ್ರಮವನ್ನು ಈ ಬಳಗಗಳ ಕಡೆಗೆ ತಿರುಗಿಸಲು ಕಾರವಿಯಷ್ಟು ತಕ್ಕ ಗಿಡ ಇನ್ನೊಂದಿಲ್ಲ. ಗುಡ್ಡ ನೀಲಿಯಾದರೆ ಸಾಕು, ಪತ್ರಿಕೆಗಳು ‘12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ’ ಎನ್ನುತ್ತವೆ. ಹನ್ನೆರಡು ವರ್ಷದ ಲೆಕ್ಕ ನೀಲಗಿರಿಯ ಸ್ಟ್ರೊಬಿಲಾಂಥಿಸ್ ಕುಂತಿಯಾನಾದ್ದು. ಸಹ್ಯಾದ್ರಿಯ ಈ ಭಾಗದ ಕಾರವಿ, ಸ್ಟ್ರೊಬಿಲಾಂಥಿಸ್ ಕ್ಯಾಲೋಸಾ, ಸುಮಾರು ಎಂಟು ವರ್ಷಕ್ಕೆ ಸಾಮೂಹಿಕವಾಗಿ ಅರಳುತ್ತದೆ. ಬುಟ್ಟಿ ಮಗುಚಿದಂತೆ ಬೆಳೆಯುವ ಟೋಪ್ಲಿ ಕಾರವಿ, ಸ್ಟ್ರೊಬಿಲಾಂಥಿಸ್ ಸೆಸಿಲಿಸ್, ಏಳು ವರ್ಷಕ್ಕೆ. ಚೋರ್ಲಾ ಘಾಟಿನ ಯಾವ ಇಳಿಜಾರಿಗೆ ಯಾವ ಲೆಕ್ಕ ಎಂದು ತಿಳಿಯಲು ಹೂವಿನ ವರ್ಷದ ಚಿತ್ರವೊಂದೇ ಸಾಲದು, ನಡುವಿನ ಬರಿದು ವರ್ಷಗಳದೂ ಬೇಕು. ಬರೀ ಎಲೆಯ ಫೋಟೊ ತೆಗೆದು, ಅದೇ ಜಾಗದಿಂದ, “ಈ ವರ್ಷ ಹೂವಿಲ್ಲ” ಎಂದು ದಿನಾಂಕದ ಸಮೇತ ಹಾಕುವವರು ಬೇಕಾಗಿದ್ದಾರೆ. ಅಂಥ ಚಿತ್ರಕ್ಕೆ ಯಾರೂ ಮೆಚ್ಚುಗೆ ಒತ್ತುವುದಿಲ್ಲ.